ಹಾಡೋರಿಲ್ಲದ ಹಾಡು

ನಾನು ಮಾಡುವುದು ಮಾತಿಲ್ಲದ ಹಿಪ್ ಹಾಪ್. ಡ್ರಮ್ಮು, ಬೇಸು, ಹಳೆಯ ರೆಕಾರ್ಡಿನಿಂದಲೋ ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ನಮ್ಮ ಪಲ್ಪರ್ ಯಂತ್ರದ ಸದ್ದಿನಿಂದಲೋ ಕತ್ತರಿಸಿಕೊಂಡ ಒಂದು ತುಣುಕು, ಅಷ್ಟೇ. ಯಾರೂ ಹಾಡುವುದಿಲ್ಲ, ಹಾಡಬೇಕಾಗಿಯೂ ಇಲ್ಲ. ವನಗೂರಿನ ನಮ್ಮ ಕಾಫಿ ಸ್ಟೋರಿನಲ್ಲಿ ಗೋಣಿಚೀಲಗಳ ಮಧ್ಯೆ ಕೂತು ಮಾಡಿದ್ದನ್ನು ಸುಳ್ಳು ಹೆಸರಿನಲ್ಲಿ ಇಂಟರ್ನೆಟ್ಟಿಗೆ ಹಾಕುತ್ತೇನೆ. ದೂರದೇಶದ ಪುಟ್ಟ ಕಂಪನಿಯೊಂದು ನನ್ನ ಬೀಟ್‌ಗಳನ್ನು ಕ್ಯಾಸೆಟ್ಟಾಗಿ ಹೊರತಂದಿದೆ. ಆದರೂ ಊರಿನವರು "ಏನ್ ಮಾಡ್ಕಂಡಿದೀಯೋ?" ಎಂದು ಕೇಳಿದರೆ "ತೋಟ ನೋಡ್ಕಂಡಿದೀನಿ" ಎನ್ನುತ್ತೇನೆ. ನಾಚಿಕೆ, ಬೇರೇನಿಲ್ಲ.

ಅಪ್ಪನಿಗೆ ಆ ನಾಚಿಕೆ ಇಲ್ಲ. ನನ್ನ ಕ್ಯಾಸೆಟ್ಟನ್ನು ಜೀಪಿನಲ್ಲಿ ದೇವರ ಫೋಟೋದ ಪಕ್ಕ ಇಟ್ಟುಕೊಂಡು ತಿರುಗುವ ಮನುಷ್ಯ. ಹಾಕಿ ಕೇಳಲು ಪ್ಲೇಯರ್ ಇಲ್ಲದ್ದರಿಂದ ಅದರಲ್ಲೇನಿದೆ ಎಂಬುದು ಮಾತ್ರ ಅವನಿಗೆ ಗೊತ್ತಿರಲಿಲ್ಲ.

ತಂಗಿಯ ಮದುವೆಯಾದ ಮೇಲೆ ನಮ್ಮ ಕಣದಲ್ಲಿ ಬೀಗರೂಟ ನಡೆಯಿತು. ಕುಂದೂರಿನ ಕಡೆಯಿಂದ ಗಂಡಿನವರು ಬಸ್ಸು ತುಂಬಿ ಬಂದಿದ್ದರು. ಮುದ್ದೆ, ಮಟನ್ ಸಾರು ಬಡಿಸುವ ಹೊತ್ತಿಗೆ ಅಪ್ಪ ತಂಗಿಯ ಫೋನು ಇಸಕೊಂಡು, ಮೈಕ್‌ಸೆಟ್‌ನವನ ಕೈಲಿ ಅದರಲ್ಲಿದ್ದ ನನ್ನದೊಂದು ಬೀಟ್ ಹಾಕಿಸಿಯೇಬಿಟ್ಟ. "ನನ್ ಮಗಂದೇ ಮ್ಯೂಜಿಕ್ಕು, ಫಾರಿನ್ನಲ್ಲೆಲ್ಲ ಕೇಳ್ತಾರೆ" ಎಂದು ಮೈಕಿನಲ್ಲಿ ಬೇರೆ ಸಾರಿದ.

ಎಲೆ ಮುಂದೆ ಕೂತವರೆಲ್ಲ ಹಾಡು ಶುರುವಾಗಲೆಂದು ಕಾದರು. ಶುರುವಾಗಲಿಲ್ಲ.

"ಇದೇನ್ ಬೀಗ್ರೇ, ಹಾಡೋನು ಊಟಕ್ಕೆ ಕೂತ್ಬುಟ್ನಾ?" ಎಂದರು ತಂಗಿಯ ಮಾವ.

ಪಂಕ್ತಿಗೆ ಪಂಕ್ತಿಯೇ ನಕ್ಕಿತು. ಅಪ್ಪ ನನ್ನ ಮುಖ ನೋಡಿದ. ಇದು ಇರುವುದೇ ಹೀಗೆ ಎಂದಿದ್ದರೆ ಮುಗಿದುಹೋಗುತ್ತಿತ್ತು. "ಇದು ಬರೀ ಟ್ರ್ಯಾಕು. ಹಾಡೋರು ಇನ್ನೂ ಹಾಡ್ಬೇಕು" ಎಂದುಬಿಟ್ಟೆ.

"ಹಂಗಾರೆ ನಮ್ ಬೀಗ್ರೇ ಹಾಡ್ಲಿ!" ಎಂದರು ತಂಗಿಯ ಮಾವ, ಅಪ್ಪನ ಕಡೆ ಕೈ ತೋರಿಸಿ.

ಬೀಗರನ್ನು ಆಟ ಆಡಿಸದಿದ್ದರೆ ಅದು ಬೀಗರೂಟವೇ ಅಲ್ಲ. ಅಪ್ಪ ನನ್ನ ಮಾನ ಉಳಿಸಲೆಂದು ಗಂಟಲು ಸರಿಮಾಡಿಕೊಂಡು, ಹೆಂಗಸರು ಹಸೆಮಣೆ ಮುಂದೆ ಹೇಳುವ ಸೋಬಾನೆ ಎತ್ತಿದ. ನನ್ನ ಡ್ರಮ್ಮು ಬೇಕೆಂದೇ ಒಂದು ಕೂದಲೆಳೆ ತಡವಾಗಿ ಬೀಳುತ್ತದೆ. ಕೇಳುವವರು ನನ್ನನ್ನು ಮೆಚ್ಚುವುದೇ ಅದಕ್ಕೆ. ಅಪ್ಪ ತಾಳಕ್ಕಿಂತ ಮುಂದೆ ಹೋದ, ನಿಂತ, ಮತ್ತೆ ಮೊದಲಿಂದ ಎತ್ತಿದ. ಬೆವರೊರೆಸಿಕೊಳ್ಳುತ್ತ ಮೈಕಿನಲ್ಲೇ ಕೇಳಿದ: "ಎಲ್ಲಿ ಹಿಡ್ಕಬೇಕು ಹೇಳೋ ಮಗಾ?"

ಹಿಡಿದುಕೊಳ್ಳಲು ನಾನು ಎಲ್ಲೂ ಜಾಗ ಬಿಟ್ಟಿರಲಿಲ್ಲ. ಸಾರಿನ ಬಕೆಟ್ ಎತ್ತಿಕೊಂಡು ಹಿಂದಿನ ಸಾಲಿಗೆ ನಡೆದೆ. ನಗು ಅಲ್ಲಿಗೂ ಕೇಳಿಸುತ್ತಿತ್ತು.

ಬೀಗರ ಬಸ್ಸು ಹೊರಟ ಮೇಲೆ ಅಪ್ಪ ಶಾಮಿಯಾನದ ಹಗ್ಗ ಬಿಚ್ಚುತ್ತ, "ನಿಂದು ಚೆನ್ನಾಗೇ ಐತೆ ಕಣೋ, ನಾನೇ ಕೆಡಿಸ್ಬುಟ್ಟೆ" ಎಂದ. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಈಗ ಆ ಬೀಟ್ ಅವನ ಫೋನಿನಲ್ಲಿದೆ. ಬೆಳಿಗ್ಗೆ ಜೀಪು ತೊಳೆಯುವಾಗ ಅದನ್ನು ಹಾಕಿಕೊಂಡು ಸಣ್ಣ ದನಿಯಲ್ಲಿ ಅಭ್ಯಾಸ ಮಾಡುತ್ತಾನೆ. ನಾನು ಬಂದರೆ ನಿಲ್ಲಿಸುತ್ತಾನೆ. ನಿನ್ನೆ ನಿಲ್ಲಿಸಲಿಲ್ಲ.

"ಈಗ ಹಿಡಿತೀನಿ ಅನ್ಸ್ತೈತೆ ಕಣೋ. ಹಾಡೋರು ಯಾರೂ ಸಿಗ್ಲಿಲ್ಲ ಅಂದ್ರೆ ನಾನೇ ಹಾಡ್ಲೇನೋ?"

"ಸಿಗ್ತಾರೆ ಬಿಡಪ್ಪ, ಹುಡುಕ್ತಾ ಇದೀನಿ" ಎಂದೆ.