ಆಕಾಶದ ಹುಡುಗಿಗೆ ಮಡಿಲು ತುಂಬಿದ್ದು

ನನ್ನ ಮೊಮ್ಮಗಳು ಬರೆಯುವ ಧಾರಾವಾಹಿಗೆ ಇನ್ನೂ ಹತ್ತು ಕಂತು ಸಿಕ್ಕಿದೆ. ಈ ವಾರವೇ ನಿಲ್ಲಿಸುತ್ತೇವೆ ಅಂದಿದ್ದ ಚಾನೆಲ್ಲಿನವರು ಇವತ್ತು ಬೆಳಿಗ್ಗೆ ಫೋನು ಮಾಡಿ, ಹತ್ತು ಕಂತಿನಲ್ಲಿ ಕಥೆ ಮುಗಿಸು, ಕೊನೆ ಹೇಗಿರಬೇಕು ಅನ್ನುವುದು ನಿನ್ನಿಷ್ಟ ಅಂದರಂತೆ. ಅವಳು ಟೆರೇಸಿಗೆ ಹತ್ತಿಬಂದು ಇದನ್ನು ಹೇಳಿದಾಗ ನಾನು ಬಟ್ಟೆ ಒಣಹಾಕುತ್ತಿದ್ದೆ. ಒದ್ದೆ ಸೀರೆ ಅಲ್ಲೇ ಬಿಟ್ಟು ಕೆಳಗಿಳಿದು, ಎದುರು ಸಿಕ್ಕ ಬಾಡಿಗೆಯವರಿಗೆಲ್ಲ ಹೇಳಿದೆ. ತರಕಾರಿ ಗಾಡಿಯವನಿಗೂ ಹೇಳಿದೆ.

"ಯಾವ್ ಸೀರಿಯಲ್ ಅಜ್ಜಿ?" ಅಂದ.

"ಆಕಾಸದಿಂದ ಹುಡ್ಗಿ ಬರ್ತಾಳಲ್ಲಪ್ಪ, ಅದು."

"ಅದಿನ್ನೂ ಬತ್ತಾ ಐತಾ?" ಅಂದು ಅವನು ಗಾಡಿ ತಳ್ಳಿಕೊಂಡು ಹೋದ.

ಬರುತ್ತಾ ಇದೆ, ಮಧ್ಯಾಹ್ನ ಎರಡೂವರೆಗೆ. ಮೊದಲು ಸಾಯಂಕಾಲ ಏಳೂವರೆಗೆ ಬರುತ್ತಿತ್ತು. ಅಲ್ಲಿಂದ ಇಲ್ಲಿಗೆ ಇಳಿದದ್ದರಲ್ಲಿ ನನ್ನ ಪಾಲೂ ಇದೆ.

ಕಥೆ ಇಷ್ಟೇ. ಬೇರೆ ಲೋಕದ ಹುಡುಗಿಯೊಬ್ಬಳು ನಮ್ಮಂಥದೇ ಊರಿನ ಕೆರೆಯಂಗಳದಲ್ಲಿ ಬಂದಿಳಿಯುತ್ತಾಳೆ. ಅವಳ ವಾಹನ ಕೆಟ್ಟಿದೆ. ಅವಳು ಅನ್ನ ಮುಟ್ಟುವುದಿಲ್ಲ, ಬಿಸಿಲಿಗೆ ಕೂತರೆ ಹೊಟ್ಟೆ ತುಂಬುತ್ತದೆ. ಒಂದು ಮನೆಯವರು ಅವಳನ್ನು ಬಚ್ಚಿಟ್ಟು ನೋಡಿಕೊಳ್ಳುತ್ತಾರೆ. ವರ್ಷ ತಿರುಗಿದ ಮೇಲೆ ಅವಳ ಲೋಕ ಭೂಮಿಗೆ ಹತ್ತಿರ ಬರುತ್ತದೆ, ಆಗ ಅವಳು ವಾಪಸು ಹೋಗಲೇಬೇಕು. ನನ್ನ ಮೊಮ್ಮಗಳು ಕಾಲೇಜಿನಲ್ಲಿದ್ದಾಗಲೇ ಹುಡುಗಿ ಹೊರಟುಹೋಗುವ ಕಡೆಯ ಕಂತನ್ನು ಬರೆದಿಟ್ಟಿದ್ದಳು. ಮಿಕ್ಕಿದ್ದನ್ನೆಲ್ಲ ಆಮೇಲೆ, ಆ ಕೊನೆಗೆ ಹೋಗಿ ಸೇರುವ ಹಾಗೆ ಬರೆದಳು.

ಹೆಬ್ಬಗೋಡಿಯಲ್ಲಿ ನಮ್ಮ ರಾಗಿ ಹೊಲವಿದ್ದ ಕಡೆ ಈಗ ಬಾಡಿಗೆ ಮನೆಗಳಿವೆ. ಕೆಳಗಿನ ಸಾಲಿನಲ್ಲಿ ಗಾರ್ಮೆಂಟ್ಸಿಗೆ ಹೋಗುವ ಹೆಂಗಸರು, ಮಹಡಿ ಮೇಲೆ ಕಂಪನಿ ಕ್ಯಾಬಿನಲ್ಲಿ ಓಡಾಡುವ ಹುಡುಗಿಯರು. ಏಳೂವರೆಗೆ ಬಿಡುವಿದ್ದವರೆಲ್ಲ ನಮ್ಮ ನಡುಮನೆಯಲ್ಲಿ ಸೇರುತ್ತಿದ್ದರು. ಮಹಡಿಯವರಿಗೆ ಆ ವಾಹನ ಹೇಗೆ ರಿಪೇರಿ ಆಗುತ್ತದೆ ಅನ್ನುವುದೇ ಚಿಂತೆ. ನಮಗೆ ಹೆಂಗಸರಿಗೆ, ಅದು ರಿಪೇರಿ ಆಗಿಬಿಟ್ಟರೆ ಏನು ಗತಿ ಅನ್ನುವ ಚಿಂತೆ.

ಚಾನೆಲ್ಲಿನವರು ಅತ್ತಿಬೆಲೆಯ ಮೈದಾನದಲ್ಲಿ ಧಾರಾವಾಹಿ ನೋಡುವವರಿಗಾಗಿ ಒಂದು ಕಾರ್ಯಕ್ರಮ ಇಟ್ಟರು. ಆಕಾಶದ ಹುಡುಗಿಯ ಪಾತ್ರ ಮಾಡುವವಳು ಬರುತ್ತಾಳೆ ಅಂತ ಗೊತ್ತಾಗಿ, ನಾವು ಎಂಟು ಜನ ಬಸ್ಸು ಹತ್ತಿದೆವು. ಮೊಮ್ಮಗಳಿಗೆ ಹೇಳಿರಲಿಲ್ಲ. ನನ್ನ ಚೀಲದಲ್ಲಿ ಅಕ್ಕಿ, ಬೆಲ್ಲ, ಕೊಬ್ಬರಿ ಗಿಟುಕು, ಎಲೆ ಅಡಿಕೆ, ಒಂದು ರವಿಕೆ ಕಣ ಇತ್ತು. ನನ್ನನ್ನು ವೇದಿಕೆಗೆ ಹತ್ತಿಸಿದಾಗ ಅವಳಿಗೆ ಸೆರಗು ಹಿಡಿಯಲು ಹೇಳಿದೆ. ಹಿಂದೆ ನಿಂತಿದ್ದ ಗಾರ್ಮೆಂಟ್ಸಿನ ಹೆಂಗಸು ನನ್ನ ತೋಳು ಜಗ್ಗಿದಳು.

"ಓನರಮ್ಮ, ಮದ್ವೆ ಆಗ್ದಿರೋ ಹುಡ್ಗಿಗೆ ಮಡ್ಲು ತುಂಬ್ತಾರಾ?"

"ಅವಳ ಲೋಕದಾಗೆ ಯಾವ ಸಾಸ್ತ್ರನೋ. ಸುಮ್ಕಿರು."

ಮೈಕು ಕೊಟ್ಟರು. "ಭೂಮಿ ಮ್ಯಾಲೆ ನಿಂಗೆ ತೌರಿಲ್ಲ ಕಣವ್ವ, ನಾನಿವ್ನಿ. ನೀನೆಲ್ಲೂ ಓಗ್ಬೇಡ" ಅಂದೆ. ನಾನೂ ಅತ್ತೆ, ಅವಳೂ ಅತ್ತಳು, ಮೈದಾನವೇ ಅತ್ತಿತು.

ಮಾರನೆಯ ದಿನ ಅದು ಎಲ್ಲರ ಫೋನಿನಲ್ಲಿ. ಅದರ ಕೆಳಗೆ ಜನ ಬರೆದಿದ್ದು ಒಂದೇ: ಮಡಿಲು ತುಂಬಿದ್ದಾಯಿತಲ್ಲ, ಇನ್ನು ಮದುವೆ ಮಾಡಿ, ಇಲ್ಲೇ ಇಟ್ಟುಕೊಳ್ಳಿ. ಚಾನೆಲ್ಲಿನ ದೊಡ್ಡವರು ಮೊಮ್ಮಗಳನ್ನು ಕರೆಸಿ, ನನ್ನ ಅಳುವನ್ನೇ ದೊಡ್ಡ ಪರದೆಯ ಮೇಲೆ ಹಾಕಿ ತೋರಿಸಿದರಂತೆ. "ನೋಡಮ್ಮ, ನಮ್ಮ ಜನಕ್ಕೆ ಬೇಕಾಗಿರೋದು ಇದು." ಅದು ನನ್ನ ಅಜ್ಜಿ ಅಂತ ಅವಳು ಅಲ್ಲಿ ಹೇಳಲಿಲ್ಲ. ಮನೆಗೆ ಬಂದ ಮೇಲೂ ನನ್ನನ್ನು ಏನೂ ಅನ್ನಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ತಿಂಗಳೊಳಗೆ ಆಕಾಶದ ಹುಡುಗಿಗೆ ಮದುವೆಯಾಯಿತು. ಮದುವೆ ಊಟದಲ್ಲಿ ಒಬ್ಬಟ್ಟು ತಿಂದಳು. ಒಬ್ಬ ಅತ್ತೆ ಹುಟ್ಟಿಕೊಂಡು, ಬಿಸಿಲು ಬೀಳದ ಕೋಣೆಯಲ್ಲಿ ಅವಳನ್ನು ಕೂಡಿಹಾಕಿದಳು. ನಾಲ್ಕು ವಾರ ಜನ ಮುಗಿಬಿದ್ದು ನೋಡಿದರು. ಆಮೇಲೆ ಮಹಡಿಯ ಹುಡುಗಿಯರು ಬರುವುದು ನಿಂತಿತು. ಯಾಕ್ರವ್ವ ಅಂತ ಕೇಳಿದೆ.

"ಅವಳು ಒಬ್ಬಟ್ಟು ತಿಂದ ದಿನಾನೇ ಬಿಟ್ಬಿಟ್ವಿ ಅಜ್ಜಿ. ಅತ್ತೆ ಕಾಟ ನೋಡೋಕೆ ಆಕಾಶದಿಂದ ಯಾಕೆ ಬರ್ಬೇಕಿತ್ತು?"

ಹೆಂಗಸರೂ ಒಬ್ಬೊಬ್ಬರಾಗಿ ಹೋದರು. ಇದಕ್ಕಿಂತ ಜೋರು ಅತ್ತೆಯರು ಬೇರೆ ಚಾನೆಲ್ಲಿನಲ್ಲಿ ಇದ್ದರು. ಮದುವೆ ಮಾಡಿ ಅಂದವರು ಮದುವೆಯಾದ ಮೇಲೆ ನೋಡಲಿಲ್ಲ. ಮೊಮ್ಮಗಳು ದಿನಾ ಬೆಳಿಗ್ಗೆ ಕೂತು ತನಗೆ ಬೇಡದ್ದನ್ನು ಬರೆಯುತ್ತಿದ್ದಳು, ಪಕ್ಕದಲ್ಲಿ ಕಾಫಿ ಆರಿ ಕೆನೆಗಟ್ಟುತ್ತಿತ್ತು. ನಾನು ಲೋಟ ಬದಲಾಯಿಸುತ್ತಿದ್ದೆ. ನನ್ನಿಂದ ಬೇರೆ ಏನಾಗುತ್ತದೆ? ಧಾರಾವಾಹಿಯನ್ನು ಎರಡೂವರೆಗೆ ತಳ್ಳಿದ ಮೇಲೆ ನಾನು ಒಬ್ಬಳೇ ಟಿವಿ ಮುಂದೆ ಕೂರುತ್ತಿದ್ದೆ. ನಾನೊಬ್ಬಳು ನೋಡಿದರೆ ಅದು ಉಳಿಯುವುದೇ?

ಅದಕ್ಕೇ ಇವತ್ತು ಇಷ್ಟು ಸಂತೋಷ. ಸಾಯಂಕಾಲ ಹಿದಕವರೆ ಸಾರು ಮಾಡಿ ಮುದ್ದೆ ತಿರುವಿದೆ. ಮಗ, ಸೊಸೆ, ಮೊಮ್ಮಗಳು, ನಾನು, ಎಲ್ಲರೂ ಒಟ್ಟಿಗೆ ನೆಲದ ಮೇಲೆ ಕೂತೆವು.

"ಅಂತೂ ನಿನ್ನಿಷ್ಟ ಅಂದ್ರಲ್ಲ, ದೊಡ್ ಮನ್ಸು ಮಾಡವ್ರೆ" ಅಂದೆ.

"ಮನ್ಸೂ ಇಲ್ಲ ಏನೂ ಇಲ್ಲ ಅಜ್ಜಿ. ಈಗ ಯಾರೂ ನೋಡ್ತಿಲ್ಲ. ಮುಂದಿನ ಸೀರಿಯಲ್ ಇನ್ನೂ ರೆಡಿಯಿಲ್ಲ, ಹತ್ತು ದಿನ ಜಾಗ ತುಂಬ್ಬೇಕು. ಅದಕ್ಕೇ ಏನಾದ್ರೂ ಬರ್ಕೋ ಅಂದ್ರು."

ನಾನು ಕೈಯಲ್ಲಿದ್ದ ತುತ್ತನ್ನು ತಟ್ಟೆಗಿಟ್ಟೆ. ಆದರೆ ಅವಳ ಮುಖ ಗೆಲುವಾಗಿತ್ತು.

"ಹೋಗ್ತಾಳೆ ತಾನೆ?" ಅಂದ ನನ್ನ ಮಗ. "ಹೋಗ್ಲಿ, ಒಂದು ಮಗುನಾದ್ರೂ ಇಲ್ಲಿ ಬಿಟ್ಟೋಗ್ಲಿ."

"ಗಂಡನ್ನೂ ಕರ್ಕೊಂಡೋಗ್ಲಿ, ಆ ಅತ್ತೆಗೆ ಬುದ್ಧಿ ಬರುತ್ತೆ" ಅಂದಳು ಸೊಸೆ.

"ಒಬ್ಳೇ ಹೋಗ್ತಾಳೆ. ನಾನು ಮೊದ್ಲು ಬರ್ದಂಗೇನೇ." ಮೊಮ್ಮಗಳು ನನ್ನ ಕಡೆ ತಿರುಗಿದಳು. "ನೀನೇನೂ ಹೇಳಲ್ವಾ?"

ಅವಳು ಇಲ್ಲೇ ಇರಲಿ ಅನ್ನುವುದು ನಾಲಿಗೆಯ ತುದಿಯಲ್ಲೇ ಇತ್ತು. ನುಂಗಿಕೊಂಡೆ. "ನೀನೆಂಗೆ ಬರ್ದಿದ್ಯೋ ಅಂಗೇ ಆಗ್ಲಿ ಕಣವ್ವ. ಓಗೋವಾಗ ಒಂದ್ಸಲ ತಿರುಗಿ ನೋಡ್ತಾಳಾ?"

"ಇಲ್ಲ ಅಜ್ಜಿ. ನೋಡಲ್ಲ."

"ಒಂದೇ ಒಂದ್ಸಲ ನೋಡಿದ್ರೆ ಏನಾಗ್ತದೆ?"

"ಶುರುವಾಯ್ತು ನೋಡಪ್ಪ" ಅಂದಳು ತನ್ನ ಅಪ್ಪನಿಗೆ. ಎಲ್ಲರೂ ನಕ್ಕರು, ನಾನೂ ನಕ್ಕೆ. ಅವಳು ಮಾತ್ರ ಹೂಂ ಅನ್ನಲಿಲ್ಲ. ನನ್ನ ತಟ್ಟೆಗೆ ಇನ್ನೊಂದು ಸೌಟು ಸಾರು ಬಡಿಸಿ, ತನ್ನ ಮುದ್ದೆ ಮುರಿದುಕೊಂಡು ಉಣ್ಣತೊಡಗಿದಳು. ನಾವೂ ಉಂಡೆವು.