ಬೆರಳ ಸಂದಿನ ಹೋಳಿಗೆ

ಆಗೆಲ್ಲ ನಮ್ಮ ಕಡೆ ಉಣ್ಣಲು ಕೂತವರು "ಬ್ಯಾಡ" ಅಂದರೆ ಅದನ್ನು ಯಾರೂ ಕಿವಿಗೆ ಹಾಕಿಕೊಳ್ಳುತ್ತಿರಲಿಲ್ಲ. ಬ್ಯಾಡ ಅನ್ನುವುದು ಬಂದವರ ಮರ್ಯಾದೆ, ಆದರೂ ಬಡಿಸುವುದು ಮನೆಯವರ ಮರ್ಯಾದೆ. ಉಣ್ಣುವವರು ತಾಟಿನ ಮೇಲೆ ಎರಡೂ ಕೈ ಅಡ್ಡ ಹಿಡಿಯಬೇಕು, ಬಡಿಸುವವರು ಆ ಕೈ ಸರಿಸಿ ಇನ್ನೊಂದು ಹಾಕಬೇಕು. ಇದಕ್ಕೂ ಒಂದು ಗುಟ್ಟಿತ್ತು. ನಮ್ಮ ಆಯಿ, ಅಂದರೆ ಅಪ್ಪನ ತಾಯಿ, ಅವ್ವನಿಗೆ ಹೇಳಿಕೊಟ್ಟಿದ್ದಳು: "ಮಾತ ಕೇಳಬ್ಯಾಡ, ಬೆರಳ ನೋಡು. ಬೆರಳ ಕೂಡಿದ್ದ್ರ ಹೊಟ್ಟಿ ತುಂಬೇತಿ. ನಡುವ ಸಂದ ಇತ್ತಂದ್ರ ಇನ್ನೂ ಬೇಕಾಗೇತಿ ಅಂತ ತಿಳಿ." ನಮ್ಮ ಮನೆಯಲ್ಲಿ ಈ ಶಾಸ್ತ್ರ ಎಂದೂ ಸುಳ್ಳಾಗಿರಲಿಲ್ಲ. ಮಾಸ್ತರು ಬರುವವರೆಗೆ.

ಬಬಲೇಶ್ವರದ ಹತ್ತಿರದ ಸಣ್ಣ ಹಳ್ಳಿ ನಮ್ಮದು. ಇಂಗ್ರೇಜರು ಹೋಗುತ್ತಾರಂತೆ ಎಂಬ ಸುದ್ದಿಯಷ್ಟೇ ಇತ್ತು, ಇನ್ನೂ ಹೋಗಿರಲಿಲ್ಲ. ಊರಿಗೆ ಹೊಸದಾಗಿ ಸಾಲೆ ಬಂದಿತ್ತು. ಮಾಸ್ತರರ ವಸತಿ ಊಟ ಊರವರೇ ನೋಡಿಕೊಳ್ಳಬೇಕು ಎಂದಾಗ ಅಪ್ಪ ಎದೆ ತಟ್ಟಿ ಒಪ್ಪಿಕೊಂಡಿದ್ದ. ಆದರೆ ಮೊದಲು ಬಂದ ಮಾಸ್ತರು ಸೋದರಮಾವನ ಮಗಳ ಮದುವೆಗೆಂದು ಹೋದವರು ತಿರುಗಿ ಬರಲೇ ಇಲ್ಲ. ನಮ್ಮೂರ ಊಟ ಒಗ್ಗಲಿಲ್ಲವೆಂದು ಆಮೇಲೆ ತಿಳಿಯಿತು. ಎರಡನೆಯವರು ಬರುವ ದಿನ ಅಪ್ಪ ಅವ್ವನಿಗೆ ಹೇಳಿದ, "ಇವರೂ ಹ್ವಾದ್ರ ಸಾಲಿ ಮುಚ್ಚತೈತಿ ನೋಡು. ಗಂಡಹುಡುಗ್ರು ಬಬಲೇಶ್ವರಕ್ಕರ ನಡಕೋಂತ ಹೋದಾರು. ನೀಲಿನ್ನ ಯಾರ ಕಳಸ್ತಾರ?"

ನೀಲಿ ಅಂದರೆ ನಾನೇ. ಅಪ್ಪ ವಿಜಾಪುರದ ಪ್ಯಾಟೆಯಿಂದ ತಂದುಕೊಟ್ಟ ಪಾಟಿ ನನ್ನ ತಲೆದಿಂಬಿನ ಕೆಳಗಿತ್ತು. ಅದರ ಮೇಲೆ ನಾನು ಬರೆಯಬಲ್ಲುದು ಒಂದು ಸೊನ್ನೆ ಮಾತ್ರ. ಅಲ್ಲಿಂದ ಮುಂದೆ ಹೋಗುವುದೆಲ್ಲ ಅವ್ವನ ಅಡುಗೆಯ ಮೇಲೆ ನಿಂತಿದೆ ಎಂಬುದು ನನಗೂ ಅರ್ಥವಾಗಿತ್ತು.

ಮಾಸ್ತರು ಧಾರವಾಡದ ಕಡೆಯವರು. ಖಾದಿ ಅಂಗಿ, ಒಂದು ತಗಡಿನ ಟ್ರಂಕು, ಗಾಳಿ ಬಿಟ್ಟರೆ ಹಾರಿಹೋಗುವಂಥ ಮೈ. ಅದು ಶೇಂಗಾ ಸುಗ್ಗಿಯ ಕಾಲ. ಅಂಗಳದ ತುಂಬ ಶೇಂಗಾ ಹರವಿತ್ತು, ಮನೆಯೆಲ್ಲ ಹಸಿ ಮಣ್ಣು ಮತ್ತು ಹುರಿದ ಶೇಂಗಾದ ವಾಸನೆ. ಅವ್ವ ಮೊದಲ ದಿನವೇ ತನ್ನ ಕೈಗುಣವನ್ನೆಲ್ಲ ತೋರಿಸಿದಳು. ಉಳ್ಳಾಗಡ್ಡಿ, ಬೆಳ್ಳುಳ್ಳಿ, ಶೇಂಗಾ, ಕೆಂಪು ಖಾರ ಅರೆದು ತುಂಬಿದ ಬದನೆಕಾಯಿ ಎಣ್ಣೆಗಾಯಿ, ಕಟಕಟಿ ರೊಟ್ಟಿ, ಶೇಂಗಾ ಹಿಂಡಿ, ಮೇಲೆ ಶೇಂಗಾ ಹೋಳಿಗೆ. ಆ ಎಣ್ಣೆಗಾಯಿಗಾಗಿ ಬೀಗರು ನೆವ ಮಾಡಿಕೊಂಡು ಬರುತ್ತಿದ್ದರು.

ಮಾಸ್ತರು ತಾಟಿನ ಮೇಲೆ ಕೈ ಅಡ್ಡ ಹಿಡಿದರು. "ಬ್ಯಾಡ್ರಿ ಯವ್ವಾ, ಖರೇನ ಬ್ಯಾಡ್ರಿ."

ಅವ್ವ ಬೆರಳು ನೋಡಿದಳು. ಮಾಸ್ತರರ ಬೆರಳು ತೊಗರಿಕಡ್ಡಿಯಷ್ಟು ತೆಳ್ಳಗಿದ್ದವು. ಅವರು ಎಷ್ಟು ಬಿಗಿಹಿಡಿದರೂ ನಡುವೆ ಸಂದು ಇದ್ದೇ ಇರುತ್ತಿತ್ತು. "ನಾಚಬ್ಯಾಡ್ರಿ, ನಿಮ್ಮ ಮನೀನ ಅಂತ ತಿಳೀರಿ," ಎಂದು ಅವ್ವ ಎರಡು ಎಣ್ಣೆಗಾಯಿ, ಒಂದು ಹೋಳಿಗೆ ಹಾಕಿಯೇಬಿಟ್ಟಳು. ತಾಟಿನಲ್ಲಿ ಬಿಟ್ಟೇಳುವುದು ಅನ್ನಕ್ಕೆ ಅವಮಾನ. ಮಾಸ್ತರು ಕಣ್ಣಲ್ಲಿ ನೀರು ತುಂಬಿಕೊಂಡು ಎಲ್ಲ ತಿಂದು, "ಭಾಳ ರುಚಿ ಆಗೇತ್ರಿ," ಎಂದು ಎದ್ದರು.

ಮರುದಿನ ಅವರ ಮುಖ ಬಾತು ಮೈತುಂಬ ದದ್ದು ಎದ್ದಿದ್ದವು. ಆಯಿ ನೋಡಿದವಳೇ, "ಹೊಸಾ ಮಂದಿ, ಊರ ಕಣ್ಣ ಬಿದ್ದಾವ," ಎಂದು ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದಳು. ಆ ಘಾಟಿಗೆ ಮಾಸ್ತರು ಕೆಮ್ಮುತ್ತ ಅಂಗಳಕ್ಕೆ ಓಡಿದರು. ಓಡಿ ಕೂತದ್ದು ಶೇಂಗಾ ರಾಶಿಯ ಪಕ್ಕದಲ್ಲೇ.

ಅಲ್ಲಿಂದ ನಮ್ಮ ಮನೆಯಲ್ಲಿ ಯಾರಿಗೂ ಏನೂ ತಿಳಿಯದಂತಾಯಿತು. ಖಾರ ಆಗುವುದಿಲ್ಲವಂತೆ ಎಂದು ಅಪ್ಪ ಯಾರಿಂದಲೋ ಸುದ್ದಿ ತಂದ. ಅವ್ವ ಖಾರ ಬಿಟ್ಟು ಬೆಳ್ಳುಳ್ಳಿ ಹೆಚ್ಚು ಹಾಕಿದಳು. ಬೆಳ್ಳುಳ್ಳಿಯೂ ನಡೆಯುವುದಿಲ್ಲವಂತೆ. ರೊಟ್ಟಿ ಹೊಟ್ಟೆಗೆ ಗಡಚಾಗುತ್ತದಂತೆ. ಹಬ್ಬಕ್ಕಷ್ಟೇ ಅಕ್ಕಿ ಕಾಣುತ್ತಿದ್ದ ಮನೆಯಲ್ಲಿ ಅವ್ವ ಅನ್ನ ಮಾಡಿ, ಬರೀ ಅನ್ನ ಹಾಕಿದರೆ ಚೆಂದವಲ್ಲವೆಂದು ಶೇಂಗಾ ಒಗ್ಗರಣೆ ಕೊಟ್ಟಳು. ಸೋಮವಾರ ಮಾಸ್ತರು ಉಪವಾಸ ಅಂದರು. ಉಪವಾಸದವರಿಗೆ ನಮ್ಮಲ್ಲಿ ಕೊಡುವುದೇ ಶೇಂಗಾ ಉಂಡಿ ಮತ್ತು ಹಾಲು. ಮಂಗಳವಾರ ಮತ್ತೆ ದದ್ದು, ಮತ್ತೆ ಆಯಿಯ ಮೆಣಸಿನಕಾಯಿ.

ಅವ್ವ ಒಲೆಯ ಮುಂದೆ ಕೂತು ತನ್ನ ಅಂಗೈಯನ್ನೇ ತಿರುಗಿಸಿ ತಿರುಗಿಸಿ ನೋಡಿಕೊಳ್ಳುತ್ತಿದ್ದಳು. "ನನ್ನ ಕೈಯಾಗ ಏನರ ಬಂದೈತೇನವಾ?" ನನಗೂ ದಿಕ್ಕು ತೋಚುತ್ತಿರಲಿಲ್ಲ. ಒಗ್ಗದ್ದನ್ನು ಮಾಸ್ತರು ತಿನ್ನುವುದೇಕೆ? ತಿಂದು ರುಚಿ ಅನ್ನುವುದೇಕೆ? ರುಚಿ ಅಂದವರು ಹಿತ್ತಲಿಗೆ ಹೋಗಿ ಓಕರಿಸುವುದೇಕೆ? ದೊಡ್ಡವರ ವ್ಯವಹಾರ ನನ್ನ ಬುದ್ಧಿಗೆ ಎಟುಕಲಿಲ್ಲ. ಪಾಟಿಯ ಮೇಲಿನ ಸೊನ್ನೆಯ ಪಕ್ಕಕ್ಕೆ ಅಷ್ಟೊತ್ತಿಗೆ "ಅ" ಒಂದು ಬಂದಿತ್ತು, ಅದೂ ಅರ್ಧ.

ಒಂದು ಮುಂಜಾನೆ ಮಾಸ್ತರು ಟ್ರಂಕು ಕಟ್ಟಿದರು. ತಮ್ಮೂರಲ್ಲಿ ಸೋದರತ್ತೆಗೆ ಮೈಗೆ ಹುಷಾರಿಲ್ಲ, ನೋಡಿಕೊಂಡು ಬರುತ್ತೇನೆ ಎಂದರು. ಅಪ್ಪನ ಮುಖ ಸಣ್ಣದಾಯಿತು. ಸೋದರಮಾವ ಆಯಿತು, ಈಗ ಸೋದರತ್ತೆ. ಎದ್ದು ಗಾಡಿ ಹೂಡಲು ಹೋದ. ಅವ್ವ ಬುತ್ತಿ ಕಟ್ಟಲು ಹಿತ್ತಲಲ್ಲಿ ಶೇಂಗಾ ಹುರಿಯುತ್ತಿದ್ದಳು.

ನನಗೆ ಜ್ವರ ಬಿಟ್ಟು ಎರಡು ದಿನವಾಗಿತ್ತು. ಅಡುಗೆಮನೆಯ ಮೂಲೆಯಲ್ಲಿ ಅಳುತ್ತಾ ಜೋಳದ ನುಚ್ಚಿಗೆ ಮಜ್ಜಿಗೆ ಹಾಕಿಕೊಂಡು ಉಣ್ಣುತ್ತಿದ್ದೆ. ಹೇಳಿಹೋಗಲು ಬಂದ ಮಾಸ್ತರು ನನ್ನ ಪರಾತದಲ್ಲಿ ಇಣುಕಿದರು.

"ಏನಬೇ ನೀಲಾ ಅದು?"

"ನುಚ್ಚರಿ. ಜಡ್ಡಾದವರು ತಿನ್ನೂದರಿ."

"ಏನೇನ ಹಾಕ್ಯಾರ ಅದ್ರಾಗ?"

"ಜ್ವಾಳ, ಉಪ್ಪು. ಅಷ್ಟರಿ."

ಮಾಸ್ತರು ನೆಲದ ಮೇಲೆ ಕೂತೇಬಿಟ್ಟರು. "ನನಗೂ ಒಂಚೂರ ಹಾಕ್ತೀಯೇನವಾ?"

ಬಂದವರು ತಾವಾಗಿ ಕೇಳಿದ್ದನ್ನು ನಾನು ಎಂದೂ ಕಂಡಿರಲಿಲ್ಲ. ಒಂದು ಸವಟು ಹಾಕಿದೆ. ಹಸಿದ ಕೂಸಿನಂತೆ ಉಂಡರು. ಇನ್ನೊಂದು ಹಾಕಿದೆ. ಮೂರನೆಯದಕ್ಕೆ ಕೈ ಅಡ್ಡ ತಂದು, "ಸಾಕವಾ, ಬ್ಯಾಡ," ಅಂದರು. ಬೆರಳ ಶಾಸ್ತ್ರ ನನಗಿನ್ನೂ ಬಂದಿರಲಿಲ್ಲ. ಬ್ಯಾಡ ಅಂದರಲ್ಲ ಎಂದು ಸವಟು ಕೆಳಗಿಟ್ಟೆ.

ಮಾಸ್ತರು ನನ್ನನ್ನೇ ನೋಡಿದರು. "ಈ ಊರಾಗ ನನ್ನ ಮಾತ ಕೇಳಿದಾಕಿ ನೀ ಒಬ್ಬಾಕಿ," ಎಂದು ನಕ್ಕರು.

ಅದೇ ಹೊತ್ತಿಗೆ ಅವ್ವ ಒಳಗೆ ಬಂದಳು. ಊರಿಗೆ ಬಂದ ಮಾಸ್ತರು ಬರೀ ನೆಲದ ಮೇಲೆ ಕೂತು ಜಡ್ಡಿನ ನುಚ್ಚು ಉಣ್ಣುತ್ತಿದ್ದಾರೆ! ಅವ್ವ ಸೆರಗು ಬಾಯಿಗೆ ಒತ್ತಿಕೊಂಡು ಅತ್ತೇಬಿಟ್ಟಳು. "ಮಂದಿ ಏನಂದಾರ್ರಿ? ಮಾಸ್ತರಿಗೆ ನುಚ್ಚ ಹಾಕಿ ಕಳಿಸಿದ್ರು ಅಂತಾರ!"

ಆಗ ಮಾಸ್ತರು ಬಾಯಿಬಿಟ್ಟರು. ಖಾರ ಕರುಳಿಗೆ ಆಗದು. ಉಳ್ಳಾಗಡ್ಡಿ ಬೆಳ್ಳುಳ್ಳಿ ವ್ರತಕ್ಕಾಗಿ ಬಿಟ್ಟದ್ದು. ಬದನೆಕಾಯಿ ಅವರ ತಾಯಿ ಕಾಶಿಯಲ್ಲಿ ಬಿಟ್ಟು ಬಂದದ್ದು, ತಾಯಿ ಬಿಟ್ಟದ್ದನ್ನು ಮಗನೂ ಬಿಟ್ಟ. ಶೇಂಗಾ ಮುಟ್ಟಿದರೆ ಮೈಯೆಲ್ಲ ದದ್ದು.

"ಮೊದ್ಲ ಹೇಳಬಾರದೇನ್ರಿ ಯಪ್ಪಾ?"

"ದಿನಾ ಹೇಳಿದ್ನೆಲ್ರಿ ಯವ್ವಾ, ಬ್ಯಾಡ ಬ್ಯಾಡ ಅಂತ."

"ಬ್ಯಾಡ ಅಂತ ಎಲ್ಲಾರೂ ಅಂತಾರಲ್ರಿ!" ಅವ್ವ ಕಂಗಾಲಾಗಿ ನಿಂತಳು. ಅಳು ಕೇಳಿ ಒಳಗೆ ಬಂದ ಆಯಿಯಂತೂ ಮಾಸ್ತರರ ಕೈ ಹಿಡಿದೆಳೆದು ಬೆರಳುಗಳನ್ನು ಬೆಳಕಿಗೆ ಹಿಡಿದು ನೋಡಿದಳು. "ಬೆರಳರ ನೆಟ್ಟಗ ಇರಬಾರದೇನಪಾ," ಎಂದು ಅವರನ್ನೇ ಬೈದಳು.

ಟ್ರಂಕು ಮತ್ತೆ ಒಳಗೆ ಬಂತು. ಅವ್ವ ಎರಡೂ ಹೊತ್ತು ನುಚ್ಚು ಮಾಡತೊಡಗಿದಳು. ಆದರೆ ಮರ್ಯಾದೆಯನ್ನು ಬಿಡಲಾದೀತೇ? ಮಾಸ್ತರರ ಮುಂದೆ ಎಣ್ಣೆಗಾಯಿ ಹೋಳಿಗೆ ತುಂಬಿದ ತಾಟು ಒಂದು, ಪಕ್ಕದಲ್ಲಿ ನುಚ್ಚಿನ ಪರಾತ ಒಂದು. ಬಾಗಿಲಲ್ಲಿ ಹಣಕಿದವರಿಗೆ ತಾಟು ಕಾಣಬೇಕು. ಅವರು ಹೋದ ಮೇಲೆ ಅದು ನನ್ನ ಪಾಲು. ಹೀಗೆ ನಾನು ಹೋಳಿಗೆ ತಿನ್ನುತ್ತ ಕಾಗುಣಿತ ಕಲಿತೆ. ಈ ಬರೆಯುವ ಅಕ್ಷರ ಆ ನುಚ್ಚಿನ ಋಣ.

ಈಗ ಮಾಸ್ತರು ಬಯಸಿದ ಕಾಲ ಬಂದಿದೆ. ಬರುವವರು ಮೊದಲೇ ಫೋನ್ ಮಾಡಿ ಏನು ನಡೆಯುತ್ತದೆ, ಏನು ನಡೆಯುವುದಿಲ್ಲ ಹೇಳುತ್ತಾರೆ. ಯಾರೂ ಯಾರಿಗೂ ಒತ್ತಾಯ ಮಾಡುವುದಿಲ್ಲ, ಯಾರ ಮೈಮೇಲೂ ದದ್ದು ಏಳುವುದಿಲ್ಲ. ಒಳ್ಳೆಯದೇ ಅಲ್ಲವೇ? ಒಳ್ಳೆಯದೇ. ಆದರೂ ಏನೋ ಗೊಂದಲ ನನಗೆ.

ಮೊನ್ನೆ ಹಬ್ಬಕ್ಕೆ ಮೊಮ್ಮಗನ ಹೆಂಡತಿ ಶೇಂಗಾ ಹೋಳಿಗೆ ಮಾಡಿದ್ದಳು. ಜಾಣೆ, ಮೆತ್ತನೆಯ ಮಾತಿನವಳು. ಒಂದು ತಿಂದು ಮುಗಿಸಿದ್ದೆ. "ಇನ್ನೊಂದ ಹಾಕಲೇನ್ರಿ ಆಯಿ?" ಎಂದಳು. ಹಳೆಯ ರೂಢಿ, "ಬ್ಯಾಡವಾ" ಎಂದು ತಾಟಿನ ಮೇಲೆ ಎರಡೂ ಕೈ ಅಡ್ಡ ಹಿಡಿದೆ. ಬೆರಳ ನಡುವೆ ಒಂದಿಷ್ಟು ಸಂದು ಬಿಟ್ಟಿದ್ದೆ.

"ಆತ್ರಿ," ಎಂದು ಅವಳು ಡಬ್ಬಿಯ ಮುಚ್ಚಳ ಹಾಕಿ ಒಳಗೆ ಹೋದಳು. ನಾನು ಕೈ ತೆಗೆಯದೆ ಇನ್ನೂ ಸ್ವಲ್ಪ ಹೊತ್ತು ಹಾಗೇ ಕೂತಿದ್ದೆ.