ಇಸೊಕಿಚಿಯ ‘ಯೋಶಿ’

ಬೆಟ್ಟದ ಮೇಲಿನ ಆ ಬಿಸಿನೀರಿನ ಊರಿನಲ್ಲಿ ಇಸೊಕಿಚಿ ಮೂವತ್ತೊಂದು ವರ್ಷದಿಂದ ಬುಗ್ಗೆ ಕಾಯುತ್ತಿದ್ದ. ಅವನ ಮುಖ್ಯವಾದ ಉಪಕರಣ ಮೂಗು. ಬೆಳಿಗ್ಗೆ ಬುಗ್ಗೆಗುಂಡಿಯ ಬಾಗಿಲು ತೆರೆದು, ಮೂರು ಸಲ ಉಸಿರೆಳೆದು, ಗಂಧಕದ ವಿಷಗಾಳಿ ಕಡಿಮೆ ಇದೆ ಅನ್ನಿಸಿದರೆ ಬೆರಳು ಮುಂದೆ ಚಾಚಿ “ಯೋಶಿ” ಎನ್ನುತ್ತಿದ್ದ. ಸರಿಯಾಗಿದೆ, ಇಳಿಯಬಹುದು ಎಂದು ಅದರ ಅರ್ಥ. ಆ ಮಾತು ಬೀಳದೆ ಯಾರೂ ಗುಂಡಿಗೆ ಇಳಿಯುತ್ತಿರಲಿಲ್ಲ.

ಅಂದು ಮಾರ್ಚ್ ತಿಂಗಳ ಒಂದು ಬೆಳಗು. ಗುಂಡಿಯ ಸುತ್ತ ಎದೆಮಟ್ಟದ ಹಿಮ ಇನ್ನೂ ಕರಗಿರಲಿಲ್ಲ, ಒಂದು ಎಲೆ ಅಲುಗುವಷ್ಟೂ ಗಾಳಿ ಆಡುತ್ತಿರಲಿಲ್ಲ. ಇಸೊಕಿಚಿ ಮೂರು ಸಲ ಉಸಿರೆಳೆದ. ಏನೂ ನಾರಲಿಲ್ಲ. ಇಷ್ಟು ಶುದ್ಧವಾದ ಗಾಳಿ ಎಂದೂ ಸಿಕ್ಕಿರಲಿಲ್ಲ.

“ಯೋಶಿ. ಹನ್ನೊಂದಕ್ಕೆ ಇಳಿದು ಕೊಳವೆಗೆ ಕಟ್ಟಿದ ಗಂಧಕ ಕೆರೆದುಬಿಡು” ಎಂದ, ಹೆಂಡತಿಯ ತಮ್ಮ ಮೊರಿಜೊನಿಗೆ.

“ನೀನು ಹೋಗು ಭಾವ. ಮೊಮ್ಮಗಳು ನಿನ್ನ ಹಾಗೆ ಹುಟ್ಟಿದ್ರೆ ವಾಪಸ್ ಕಳಿಸ್ಬಿಡು.”

ಒಂಬತ್ತೂ ಇಪ್ಪತ್ತರ ರೈಲು. ಟೋಕಿಯೊದಲ್ಲಿ ಮಗಳಿಗೆ ಮೊದಲ ಹೆರಿಗೆಯಾಗಿ ಹತ್ತು ದಿನವಾಗಿತ್ತು. ಅವಳಿಗೆಂದು ಬುಗ್ಗೆಯಲ್ಲೇ ಬೇಯಿಸಿದ ಹನ್ನೆರಡು ಮೊಟ್ಟೆಗಳನ್ನು ಬಟ್ಟೆಯಲ್ಲಿ ಗಂಟು ಕಟ್ಟಿಕೊಂಡಿದ್ದ. ರೈಲಿನ ಗಾರ್ಡು ಪ್ಲಾಟ್‌ಫಾರಮ್ಮಿನ ಎರಡೂ ತುದಿ ನೋಡಿ, ದೀಪದತ್ತ ಬೆರಳು ತೋರಿಸಿ “ಯೋಶಿ” ಎಂದ. ಇಸೊಕಿಚಿಗೆ ಅದು ಯಾವಾಗಲೂ ಇಷ್ಟ. ತನ್ನದೇ ಕಸುಬಿನವನು ಎನಿಸುತ್ತಿತ್ತು.

ಒಂದು ಗಂಟೆ ಕಳೆದಿರಬೇಕು. ಎದುರು ಕುಳಿತಿದ್ದ ದಪ್ಪ ಹೆಂಗಸು ಆ ಚಳಿಯಲ್ಲೂ ಕಿಟಕಿ ಎತ್ತಿದಳು.

“ತಪ್ಪು ತಿಳ್ಕೋಬೇಡಿ ಯಜಮಾನ್ರೆ. ಆ ಗಂಟಲ್ಲಿ ಏನು ಸತ್ತಿದೆ?”

“ಮೊಟ್ಟೆ ತಾಯಿ. ನಮ್ಮ ಬುಗ್ಗೇದು. ಇವತ್ತು ಬೆಳಿಗ್ಗೆ ಬೇಯಿಸಿದ್ದು.”

“ನನ್ನ ಮೂಲಂಗಿ ಉಪ್ಪಿನಕಾಯಿ ನಾರುತ್ತೆ ಅಂತ ಸೊಸೆ ಡಬ್ಬಿಗೆ ಮೂರು ಸುತ್ತು ಕಾಗದ ಸುತ್ತಿದ್ದಾಳೆ. ನಿಮ್ಮ ಮೊಟ್ಟೆ ಮುಂದೆ ಇದು ಅತ್ತರು ಬಿಡಿ.”

ಹಿಂದಿನ ಸೀಟಿನವರೂ ನಕ್ಕರು. ಇಸೊಕಿಚಿಯೂ ನಕ್ಕ. ನಕ್ಕು, ಒಂದು ಮೊಟ್ಟೆ ತೆಗೆದು ಮೂಗಿನ ಬಳಿ ಹಿಡಿದ. ಏನೂ ಇಲ್ಲ. ಸಿಪ್ಪೆ ಸುಲಿದ. ಆಗಲೂ ಇಲ್ಲ.

“ತಾಯಿ, ನಿಮ್ಮ ಉಪ್ಪಿನಕಾಯಿ ಒಂದ್ಸಲ ತೋರಿಸ್ತೀರಾ?”

“ತೋರಿಸೋದೇನು, ತಿನ್ನಿ.”

ಮುಚ್ಚಳ ತೆಗೆದ ಡಬ್ಬಿಗೆ ಅವನು ಮೂಗನ್ನೇ ಇಟ್ಟ. ಪಕ್ಕದವನು ಮುಖ ತಿರುಗಿಸಿದ. ಇಸೊಕಿಚಿಗೆ ತಣ್ಣಗಿನ ಡಬ್ಬಿಯ ಅಂಚು ಮಾತ್ರ ತಾಗಿತು. ಹೋದ ತಿಂಗಳು ಒಲೆಯ ಮೇಲೆ ಸಾರು ಹೊತ್ತಿದಾಗ ಪಕ್ಕದಲ್ಲೇ ಪೇಪರ್ ಓದುತ್ತ ಕುಳಿತಿದ್ದದ್ದು ನೆನಪಾಯಿತು. ಹೆಂಡತಿ ಅದನ್ನು ಮರೆವು ಅಂದಿದ್ದಳು.

ಅವನು ನಿಧಾನವಾಗಿ ಹಿಂದಕ್ಕೆ ಯೋಚಿಸಿದ. ಮೂವತ್ತೊಂದು ವರ್ಷದಲ್ಲಿ, ಬಿರುಗಾಳಿ ಬೀಸಿದ ದಿನವೂ, ಆ ಗುಂಡಿ ಸ್ವಲ್ಪವಾದರೂ ನಾರದೆ ಇದ್ದದ್ದುಂಟೆ? ಇಲ್ಲ. ಗಂಧಕದ ಗಾಳಿ ಭಾರ. ಗಾಳಿ ಆಡದ ದಿನ ತಗ್ಗಿನಲ್ಲಿ ನೀರಿನ ಹಾಗೆ ನಿಲ್ಲುತ್ತದೆ. ಇವತ್ತು ಸುತ್ತಲೂ ಹಿಮದ ಗೋಡೆ ಬೇರೆ. ಬೆಳಿಗ್ಗೆ ಶುದ್ಧವಾಗಿದ್ದದ್ದು ಗಾಳಿಯಲ್ಲ. ತೀರಿಹೋದ ಮೂಗಿನಿಂದ ಅವನು ‘ಯೋಶಿ’ ಅಂದಿದ್ದ.

ಗಡಿಯಾರ ಹತ್ತೂ ನಲವತ್ತು ತೋರಿಸುತ್ತಿತ್ತು.

ಅವನು ಎದ್ದು ಗಾರ್ಡಿನ ಬಳಿಗೆ ಹೋದ. “ಫೋನು ಎಲ್ಲಿ ಸಿಗುತ್ತೆ?”

“ಮುಂದಿನ ಸ್ಟೇಷನ್ನು. ಹನ್ನೊಂದು ನಿಮಿಷ.”

“ಬೇಗ ಹೋಗಕ್ಕಾಗಲ್ವಾ?”

“ರೈಲು ಸಮಯಕ್ಕೆ ಸರಿಯಾಗಿ ಹೋಗ್ತಿದೆ” ಎಂದ ಗಾರ್ಡು, ಸಮಾಧಾನ ಹೇಳುವವನಂತೆ.

ಹನ್ನೊಂದು ನಿಮಿಷವೂ ಇಸೊಕಿಚಿ ಬಾಗಿಲ ಬಳಿ ನಿಂತಿದ್ದ. ಸ್ಟೇಷನ್ ಮಾಸ್ತರರ ಕೋಣೆಯಲ್ಲಿ ಫೋನು ಹಿಡಿದಾಗ ಆ ಬುಗ್ಗೆಯ ನೀರು ಬಳಸುವ ವಸತಿಗೃಹದ ಒಡತಿಯೇ ಎತ್ತಿದಳು.

“ಮೊರಿಜೊ ಎಲ್ಲಿ, ಅಮ್ಮಾವ್ರೆ?”

“ಈಗ ತಾನೆ ಬ್ರಶ್ ತಗೊಂಡು ಮೇಲೆ ಹೋದ. ಯಾಕೆ, ನೀವೇ ಯೋಶಿ ಅಂದಿದ್ರಂತಲ್ಲ.”

“ಅದು ಸುಳ್ಳು. ಇಳಿಯೋದು ಬೇಡ ಅನ್ನಿ. ನೀವೂ ಇಳೀಬೇಡಿ, ದಿಬ್ಬದ ಮೇಲಿಂದಲೇ ಕೂಗಿ. ಓಡಿ.”

ರಿಸೀವರ್ ಮೇಜಿನ ಮೇಲೆ ಬಿದ್ದ ಸದ್ದು. ಮರದ ಚಪ್ಪಲಿಯ ಓಟ ದೂರವಾಯಿತು. ಆಮೇಲೆ ಕೆಟಲ್ ಕುದಿಯುವುದು ಮಾತ್ರ ಕೇಳಿಸುತ್ತಿತ್ತು. ಹೊರಗೆ ಅವನ ರೈಲು ಮೊಟ್ಟೆಯ ಗಂಟಿನ ಸಮೇತ ಹೊರಟುಹೋಯಿತು. ಅವನು ತಿರುಗಿ ನೋಡಲಿಲ್ಲ. ಅಲ್ಲಿ ಕೆಟಲ್ ಕುದಿದು ಕುದಿದು ಬತ್ತಿದ ಹಾಗೆ ಸದ್ದು ಬದಲಾಯಿತು. ಯಾರೂ ಇಳಿಸಲಿಲ್ಲ.

ಬಹಳ ಹೊತ್ತಿನ ಮೇಲೆ ಯಾರೋ ಕೆಮ್ಮಿದರು.

“ಭಾವ.” ಮೊರಿಜೊನ ದನಿ ಒಡೆದಿತ್ತು. “ಬಾಗಿಲು ತೆಗೆದಾಗ ಜೋರಾಗಿ ನಾರ್ತು. ಎರಡು ಮೆಟ್ಟಿಲು ಇಳಿದೆ, ವಾಸನೆ ಪೂರ್ತಿ ನಿಂತೋಯ್ತು. ನೋಡು, ಭಾವ ಹೇಳಿದ್ದೇ ಸರಿ ಅಂದ್ಕೊಂಡೆ. ಮೂರನೇದಕ್ಕೆ ಕಾಲಿಡ್ತಿದ್ದೆ, ಅಮ್ಮಾವ್ರು ಕೂಗಿದ್ರು. ಹತ್ತಿ ಬಂದು ಅಲ್ಲೇ ಮಂಡಿ ಊರಿಬಿಟ್ಟೆ.”

“ವಾಸನೆ ನಿಂತಿದ್ದು ಗಾಳಿ ಸರಿಯಾಗಿ ಅಲ್ಲ, ವಿಷ ಜಾಸ್ತಿಯಾದ್ರೆ ಮೊದಲು ಮೂಗನ್ನೇ ಮಂಕು ಮಾಡುತ್ತೆ” ಎಂದ ಇಸೊಕಿಚಿ.

“ನಿನ್ನ ಮೂಗು ಅಷ್ಟು ದೂರ ರೈಲಲ್ಲಿ ಹೋಗಿ ಹೇಗಪ್ಪ ಗೊತ್ತು ಮಾಡ್ಕೊಳ್ತು?” ಎಂದು ಮೊರಿಜೊ ನಗಲು ಹೋಗಿ ಮತ್ತೆ ಕೆಮ್ಮಿದ.

“ನನ್ನ ಮೂಗು ಹೋಗಿದೆ ಮೊರಿಜೊ. ಯಾವಾಗ ಹೋಯ್ತೋ ಗೊತ್ತಿಲ್ಲ. ಈ ಚಳಿಗಾಲದಲ್ಲಿ ಎಷ್ಟು ಸಲ ನಿನ್ನನ್ನ ಇಳಿಸಿದೀನೋ ಅದೂ ಗೊತ್ತಿಲ್ಲ.”

ಆ ಕಡೆ ಯಾರೋ ಬತ್ತಿದ ಕೆಟಲ್ ಇಳಿಸಿದ ಸದ್ದು ಕೇಳಿಸಿತು.

“ಡಾಕ್ಟರಿಗೆ ತೋರಿಸ್ಕೋ. ನಾನು ಬರೋವರೆಗೆ ಬಾಗಿಲಿಗೆ ಬೀಗ ಹಾಕಿಸು” ಎಂದು ಇಸೊಕಿಚಿ ಫೋನಿಟ್ಟ.

ಮಗಳಿಗೆ ಏನು ಹೇಳಬೇಕೆಂದು ಯೋಚಿಸುತ್ತ ಅವನು ಎದುರಿನ ಪ್ಲಾಟ್‌ಫಾರಮ್ಮಿಗೆ ದಾಟಿದ. ಬೆಟ್ಟಕ್ಕೆ ಹೋಗುವ ರೈಲು ಬಂತು, ಹತ್ತಿದ. ಗಾರ್ಡು ಎರಡೂ ತುದಿ ನೋಡಿ, ಬೆರಳು ಚಾಚಿ, “ಯೋಶಿ” ಎಂದ. ಮೂವತ್ತೊಂದು ವರ್ಷದ ಅಭ್ಯಾಸಕ್ಕೆ ಇಸೊಕಿಚಿಯ ಬೆರಳೂ ಅರ್ಧ ಎದ್ದಿತ್ತು. ಅವನು ಅದನ್ನು ಮಡಿಚಿ, ಮುಷ್ಟಿಯನ್ನು ಕೋಟಿನ ಜೇಬಿನೊಳಗೆ ಇಟ್ಟುಕೊಂಡ.